‘ಹುಳ ಮುಟ್ಟಿತು’ ಅಂದರೆ ಏನೆಂದು ಪ್ರೊಫೆಸರ್ ಸಾಹೇಬರಿಗೆ ಗೊತ್ತೇ?

(ಬೆಂಗಳೂರಿನ ಕನ್ನಡ ಯುವಕರ ಕೂಟವೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ನಿಮ್ಮ ಕರಪತ್ರ, ರಸೀದಿ ಪುಸ್ತಕ, ರಾಜ್ಯೋತ್ಸವದ ಆಹ್ವಾನ ಪತ್ರಿಕೆ ಅಚ್ಚು ಹಾಕಿಕೊಡುವವನು. ಕಳೆದ ರಾಜ್ಯೋತ್ಸವದ ಬಿಲ್ಲು ಇನ್ನೂ ಬಾಕಿ ಇದೆ, ಅದು ಬೇರೆ ಮಾತು! ಓದಿದ್ದು ಪಿಯುಸಿ. ಆಮೇಲೆ ಓದಿದ್ದೆಲ್ಲ ಪ್ರೂಫು. ಪ್ರೂಫ್ ತಿದ್ದುವವನ ಕಣ್ಣು ಕೆಟ್ಟದ್ದು ನೋಡಿ, ಬೇಡ ಅಂದರೂ ಎಲ್ಲವನ್ನೂ ಓದುತ್ತದೆ. ನನ್ನ ಕೈಗೆ ಬಂದ ಕಾಗದಗಳಿಂದ ನನಗೆ ಗೊತ್ತಾದ ಒಂದು ವಿಷಯ, ನನ್ನ ಮನೆಯಲ್ಲೇ ನಡೆದ ಒಂದು ವಿಷಯ, ಇವೆರಡನ್ನು ಸೇರಿಸಿ ಇವತ್ತು ಮಾತಾಡುತ್ತೇನೆ. ಡಾಕ್ಟರುಗಳ ಬಗ್ಗೆ ಅಲ್ಲ. ಡಾಕ್ಟರುಗಳನ್ನು ತಯಾರು ಮಾಡುವ ಮೇಷ್ಟ್ರುಗಳ ಬಗ್ಗೆ.

ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ., ಎಂ.ಎಸ್. ಓದುವವರು ಒಂದು ಪ್ರಬಂಧ ಬರೆದು ಕೊಡಬೇಕು. ಅದಕ್ಕೆ ರೆಕ್ಸಿನ್ ರಟ್ಟು, ಮೇಲೆ ಬಂಗಾರದ ಬಣ್ಣದ ಅಕ್ಷರ. ಇದು ನನ್ನ ಅಂಗಡಿಯ ಸೀಸನ್ ವ್ಯಾಪಾರ. ಒಳಗೆಲ್ಲ ಇಂಗ್ಲಿಷು. ಕೊನೆಯಲ್ಲಿ ಮಾತ್ರ ಎರಡು ಮೂರು ಹಾಳೆ ಕನ್ನಡ ಇರುತ್ತದೆ. ರೋಗಿಯ ಒಪ್ಪಿಗೆ ಪತ್ರ, ಹಳ್ಳಿಯವರಿಗೆ ಕೇಳಿದ ಪ್ರಶ್ನೆಗಳ ಪಟ್ಟಿ. ಆ ಕನ್ನಡ ಟೈಪ್ ಮಾಡುವ ಕೆಲಸ ನಮ್ಮದು. ಅದನ್ನು ನೀವು ಓದಬೇಕು! ‘ತಾವು ಬಯಲು ಮಲವಿಸರ್ಜನಾ ಪ್ರವೃತ್ತಿಯನ್ನು ಹೊಂದಿರುವಿರಾ?’ ಇದನ್ನು ಹಿಡಿದುಕೊಂಡು ಎಪ್ಪತ್ತು ವರ್ಷದ ಅಜ್ಜಿಯ ಮುಂದೆ ನಿಲ್ಲುತ್ತಾರಂತೆ. ಅಜ್ಜಿ ಏನು ಹೇಳಬೇಕು? ತಲೆಯಾಡಿಸುತ್ತಾಳೆ. ಇವರು ‘ಹೌದು’ ಅಂತ ಗುರುತು ಹಾಕಿಕೊಳ್ಳುತ್ತಾರೆ. ಆ ಗುರುತುಗಳೆಲ್ಲ ಸೇರಿ ಕೋಷ್ಟಕವಾಗಿ, ಪ್ರಬಂಧವಾಗಿ, ಡಿಗ್ರಿಯಾಗುತ್ತವೆ. ನಾನು ಇಷ್ಟು ವರ್ಷದಲ್ಲಿ ನೂರಾರು ಪ್ರಬಂಧ ಬೈಂಡ್ ಮಾಡಿದ್ದೇನೆ. ‘ಈ ಊರಿನವರ ಬಗ್ಗೆ ಬರೆದಿದ್ದೇನೆ, ಆ ಊರಿಗೂ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಕೊಡಿ, ಪಂಚಾಯ್ತಿ ಗೋಡೆಗೆ ಅಂಟಿಸ್ತೀನಿ’ ಅಂತ ಬಂದವರು ಒಬ್ಬರೂ ಇಲ್ಲ.

ಇನ್ನು ಮನೆಯ ವಿಷಯ. ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ನಮ್ಮಕ್ಕನನ್ನು ಅಲ್ಲೇ ಪಕ್ಕದ ಊರಿಗೆ ಕೊಟ್ಟಿದ್ದೇವೆ. 2011ರಲ್ಲಿ, ಸಂಜೆ ಹೊತ್ತು, ಭಾವ ತೋಟದಲ್ಲಿ ಗರಿ ಎತ್ತಿಹಾಕುತ್ತಿದ್ದಾಗ ಕಾಲಿಗೆ ಕೊಳಕುಮಂಡಲ ಕಚ್ಚಿತು. ಅಕ್ಕ ಆಟೋ ಮಾಡಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡ್ಯೂಟಿಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅಕ್ಕ ಹೇಳಿದಳು, ‘ಅಮ್ಮಾ, ನಮ್ಮೆಜಮಾನ್ರಿಗೆ ಹುಳ ಮುಟ್ಟೈತೆ.’

ನಮ್ಮ ಕಡೆ ದೀಪ ಹಚ್ಚೋ ಹೊತ್ತಿನಲ್ಲಿ ‘ಹಾವು’ ಅನ್ನುವ ಮಾತು ಬಾಯಲ್ಲಿ ತರುವುದಿಲ್ಲ. ‘ಕಚ್ಚಿತು’ ಅನ್ನುವುದೂ ಇಲ್ಲ. ‘ಹುಳ ಮುಟ್ಟಿತು’ ಅನ್ನುತ್ತೇವೆ. ಎಳೆ ಮಗುವಿಗೂ ಗೊತ್ತು. ಆ ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಚೀಟಿಯಲ್ಲಿ ‘ಇನ್‌ಸೆಕ್ಟ್ ಬೈಟ್’ ಅಂತ ಬರೆದು, ಒಂದು ಇಂಜೆಕ್ಷನ್ ಕೊಟ್ಟು, ನಾಲ್ಕು ಮಾತ್ರೆ ಕೊಟ್ಟು ಕಳಿಸಿಬಿಟ್ಟಳು. ರಾತ್ರಿ ಹನ್ನೊಂದರ ಹೊತ್ತಿಗೆ ಕಾಲು ಊದಿ ಕಂಬ ಆಯಿತು, ಒಸಡಿನಿಂದ ರಕ್ತ ಬಂತು. ಬೆಳಗಾಗುವುದರೊಳಗೆ ಬೆಂಗಳೂರಿಗೆ ತಂದೆವು. ಕಿಡ್ನಿ ನಿಂತುಹೋಗಿತ್ತು. ಹದಿನೆಂಟು ದಿನ, ದಿನ ಬಿಟ್ಟು ದಿನ ಡಯಾಲಿಸಿಸ್. ಭಾವ ಬದುಕಿದರು. ಒಂದು ಎಕರೆ ತೋಟ ಹೋಯಿತು. ಆ ತೋಟ ಈಗ ಯಾರದೋ ಲೇಔಟ್.

ಈಗ ನೀವೆಲ್ಲ ಒಂದು ಮಾತು ಕೇಳಲು ಕಾಯುತ್ತಿದ್ದೀರಿ, ನನಗೆ ಗೊತ್ತು. ‘ಆ ಡಾಕ್ಟರಮ್ಮ ಯಾವ ರಾಜ್ಯದವಳು?’ ಅಲ್ಲವೇ? ಗೆಳೆಯರೇ, ಆಕೆ ಅಪ್ಪಟ ಕನ್ನಡದವಳು! ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು. ನಮ್ಮ ನಿಮ್ಮ ಥರವೇ ಕನ್ನಡ ಮಾತಾಡುತ್ತಾಳೆ. ನಾನು ಆಮೇಲೆ ಜಗಳ ಮಾಡೋಣ ಅಂತಲೇ ಹೋಗಿದ್ದೆ. ಆ ಹುಡುಗಿ ಕಣ್ಣಲ್ಲಿ ನೀರು ಹಾಕಿಕೊಂಡು, ‘ಸರ್, ನಮಗೆ ಯಾರೂ ಈ ಮಾತು ಹೇಳಿಕೊಟ್ಟಿರಲಿಲ್ಲ’ ಅಂದಳು. ಬಯ್ಯಲು ಹೋದವನು ಸುಮ್ಮನೆ ವಾಪಸ್ ಬಂದೆ. ಅವಳು ಹೇಳಿದ್ದು ಸರಿಯಾಗಿತ್ತು. ಐದೂವರೆ ವರ್ಷ ಕಲಿಸಿದ ಮೇಷ್ಟ್ರುಗಳಲ್ಲಿ ಒಬ್ಬರಿಗಾದರೂ ಈ ಮಾತು ಗೊತ್ತಿದ್ದರೆ, ಗೊತ್ತಿದ್ದವರು ಇದೂ ವೈದ್ಯಕೀಯ ವಿದ್ಯೆಯೇ ಅಂದುಕೊಂಡಿದ್ದರೆ, ನಮ್ಮ ಭಾವನ ಕಿಡ್ನಿ ಉಳಿಯುತ್ತಿತ್ತು.

ಹಾವು ಕಡಿತ ಸಣ್ಣ ವಿಷಯ ಅಂದುಕೊಳ್ಳಬೇಡಿ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಸಂಶೋಧಕರು ಲೆಕ್ಕ ಕೊಟ್ಟಿದ್ದಾರೆ. ವರ್ಷಕ್ಕೆ ಸರಾಸರಿ 58 ಸಾವಿರ. ಬಹುತೇಕ ಎಲ್ಲರೂ ಹಳ್ಳಿಯವರು. ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2024ರಲ್ಲಿ!

ಅಪ್ಪನ ಸ್ಥಿತಿ ನೋಡಿದ ಅಕ್ಕನ ಮಗ ಆಗ ಏಳನೇ ಕ್ಲಾಸು. ‘ಡಾಕ್ಟರ್ ಆಗ್ತೀನಿ ಮಾವ’ ಅಂದ. ಮಕ್ಕಳು ಏನೇನೋ ಅನ್ನುತ್ತವೆ ಅಂತ ನಾನು ನಕ್ಕೆ. ಹುಡುಗ 2017ರಲ್ಲಿ ಸೀಟು ತೆಗೆದುಕೊಂಡೇಬಿಟ್ಟ. ಸರ್ಕಾರಿ ಕೋಟಾ. ಆ ಊರಿಗೇ ಮೊದಲನೆಯವನು. ಭಾನುವಾರ ಹಾಸ್ಟೆಲಿನಿಂದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಊಟದ ಎಲೆ ಮುಂದೆ ಕೂತು ಅವನು ಹೇಳುತ್ತಿದ್ದ ಕತೆಗಳಿಂದ ನನಗೆ ಒಳಗಿನ ವ್ಯವಹಾರ ಗೊತ್ತಾಗಿದ್ದು.

ದೊಡ್ಡಾಸ್ಪತ್ರೆಯ ವಾರ್ಡು. ಪ್ರೊಫೆಸರ್ ಮುಂದೆ, ಹಿಂದೆ ಇಪ್ಪತ್ತು ಹುಡುಗರು. ಹಳ್ಳಿಯಿಂದ ಬಂದ ರೋಗಿಯ ಕೈಲಿ ಪಿಎಚ್‌ಸಿ ಡಾಕ್ಟರ್ ಬರೆದುಕೊಟ್ಟ ಚೀಟಿ. ಪ್ರೊಫೆಸರ್ ಅದನ್ನು ಎತ್ತಿ ಹಿಡಿದು ಜೋರಾಗಿ ಓದುತ್ತಾರೆ. ಸ್ಪೆಲ್ಲಿಂಗ್ ತಪ್ಪಿಗೆ ನಗು. ಕೊಟ್ಟ ಔಷಧಿಗೆ ನಗು. ‘ಯಾವನಯ್ಯ ಈ ಪುಣ್ಯಾತ್ಮ? ನೀವೂ ಹೀಗೇ ಆಗ್ತೀರಾ, ಓದದಿದ್ರೆ!’ ಇಪ್ಪತ್ತು ಹುಡುಗರೂ ನಗುತ್ತಾರೆ. ಆ ಚೀಟಿ ಬರೆದವನ ಹತ್ತಿರ ಎಕ್ಸರೇ ಇರಲಿಲ್ಲ, ಲ್ಯಾಬ್ ಇರಲಿಲ್ಲ, ಬಹುಶಃ ಕರೆಂಟೂ ಇರಲಿಲ್ಲ. ಅದನ್ನು ಯಾರೂ ಹೇಳುವುದಿಲ್ಲ. ಪುಸ್ತಕದಲ್ಲಿಲ್ಲದ ಪಾಠ ಇದು. ಪರೀಕ್ಷೆಗೂ ಬರುವುದಿಲ್ಲ. ಆದರೆ ಓದಿದ ಪಾಠ ಮರೆತರೂ ಈ ಪಾಠ ಮರೆಯುವುದಿಲ್ಲ. ಹಳ್ಳಿಗೆ ಹೋದವನು ನಗೆಪಾಟಲು, ಅಷ್ಟೇ.

ಒಂದು ದಿನ ಮೂರನೇ ವರ್ಷದಲ್ಲಿ ಒಬ್ಬ ಮೇಡಂ ಎಲ್ಲರನ್ನೂ ಮುಂದೆ ಏನಾಗುತ್ತೀರಿ ಅಂತ ಕೇಳಿದರಂತೆ. ಒಬ್ಬ ಕಾರ್ಡಿಯಾಲಜಿ ಅಂದ, ಒಬ್ಬಳು ಸ್ಕಿನ್ ಅಂದಳು. ನಮ್ಮ ಹುಡುಗ ಎದ್ದು ನಿಂತು, ‘ನಮ್ಮೂರ ಪಿಎಚ್‌ಸಿಗೆ ಹೋಗ್ತೀನಿ ಮೇಡಂ’ ಅಂದ. ಮೇಡಂ ಬಯ್ಯಲಿಲ್ಲ. ಬಹಳ ಪ್ರೀತಿಯಿಂದ, ‘ಪಾಪ, ನಿನ್ನ ರ‍್ಯಾಂಕಿಗೆ ಯಾಕೆ ಹಂಗಂತೀಯೋ? ಇಷ್ಟು ಓದಿ ಅಲ್ಲಿ ಹೋಗಿ ಕೊಳೀತೀಯಾ?’ ಅಂದರಂತೆ. ಬಯ್ದಿದ್ದರೆ ಹುಡುಗ ಹಠ ಹಿಡಿಯುತ್ತಿದ್ದ. ಆ ‘ಪಾಪ’ ಅನ್ನುವ ಮಾತಿದೆಯಲ್ಲ, ಅದು ಅವನನ್ನು ಒಳಗಿನಿಂದ ತಿಂದುಹಾಕಿತು. ಆಮೇಲೆ ಅವನು ಆ ಮಾತೇ ಎತ್ತಲಿಲ್ಲ.

ಇದು ಕಾನೂನು ಇಲ್ಲದ್ದಕ್ಕೆ ಆದದ್ದಲ್ಲ ಗೆಳೆಯರೇ. ಕಾಗದದ ಮೇಲೆ ಎಲ್ಲ ಇದೆ! 1946ರಲ್ಲೇ ಭೋರ್ ಸಮಿತಿ ಹೇಳಿತ್ತು: ವೈದ್ಯ ಬರೀ ಔಷಧಿ ಕೊಡುವವನಾದರೆ ಸಾಲದು, ಸಮಾಜದ ವೈದ್ಯನಾಗಬೇಕು, ಅದಕ್ಕೆಂದೇ ಮೂರು ತಿಂಗಳು ತರಬೇತಿ ಕೊಡಿ ಅಂತ. 1975ರಲ್ಲಿ ಶ್ರೀವಾಸ್ತವ ಸಮಿತಿ ಮತ್ತೆ ಅದನ್ನೇ ಹೇಳಿತು. 1977ರಲ್ಲಿ ಒಂದು ಯೋಜನೆ ಬಂತು, ‘ರೋಮ್’ ಅಂತ ಹೆಸರು. ಪ್ರತಿ ಮೆಡಿಕಲ್ ಕಾಲೇಜು ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ವಹಿಸಿಕೊಳ್ಳಬೇಕು, ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ಅಲ್ಲಿಗೆ ಹೋಗಬೇಕು. ಅದಕ್ಕೆ ವ್ಯಾನುಗಳನ್ನೂ ಕೊಟ್ಟರು. ರೋಮ್ ಪಟ್ಟಣವನ್ನು ಒಂದು ದಿನದಲ್ಲಿ ಕಟ್ಟಲಿಲ್ಲ ಅನ್ನುತ್ತಾರೆ. ನಮ್ಮವರು ಎಷ್ಟೋ ಕಡೆ ಕಟ್ಟಲೇ ಇಲ್ಲ! 2019ರ ಹೊಸ ಪಠ್ಯಕ್ರಮದಲ್ಲಿ ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆ ಕಲಿಸಬೇಕು ಅಂತ ಇದೆ. ಈಚೆಗೆ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ಒಳ್ಳೆಯದೇ. ಅದರ ಲಾಗ್‌ಬುಕ್ ಕೂಡ ನಾನೇ ಪ್ರಿಂಟ್ ಮಾಡುತ್ತೇನೆ. ಬಸ್ಸು ಹತ್ತು ಗಂಟೆಗೆ ಹಳ್ಳಿ ಮುಟ್ಟುತ್ತದೆ, ಒಂದು ಗಂಟೆಗೆ ಊಟಕ್ಕೆ ವಾಪಸ್. ಪ್ರೊಫೆಸರ್ ಬಸ್ಸಿನಿಂದ ಇಳಿಯುವುದಿಲ್ಲ. ಹುಡುಗರು ನೋಡುವುದು ಹಳ್ಳಿಯನ್ನಲ್ಲ, ಬಸ್ಸಿನಲ್ಲೇ ಕೂತ ಪ್ರೊಫೆಸರನ್ನು.

ಇನ್ನು ನಮ್ಮ ರಾಜ್ಯದ ಕಡ್ಡಾಯ ಸೇವೆಯ ಕಾನೂನು. 2012ರಲ್ಲಿ ಮಾಡಿದರು, 2015ರಲ್ಲಿ ಜಾರಿಗೆ ಬಂತು. ಓದು ಮುಗಿದ ಮೇಲೆ ಒಂದು ವರ್ಷ ಸರ್ಕಾರಿ ಸೇವೆ, ತಪ್ಪಿಸಿಕೊಂಡರೆ 15 ಲಕ್ಷದಿಂದ 30 ಲಕ್ಷದವರೆಗೆ ದಂಡ. ಕೋರ್ಟಿಗೂ ಹೋದರು, 2019ರಲ್ಲಿ ಹೈಕೋರ್ಟು ಕಾನೂನನ್ನು ಎತ್ತಿ ಹಿಡಿಯಿತು. ಆಮೇಲೆ ಪಾಸಾಗುವವರು ಜಾಸ್ತಿ, ಖಾಲಿ ಹುದ್ದೆ ಕಮ್ಮಿ ಅಂತ 2023ರಲ್ಲಿ ಅದನ್ನು ಸಡಿಲ ಮಾಡಿದರು. ನಾನು ಕಾನೂನಿನ ವಿರೋಧಿಯಲ್ಲ. ಆದರೆ ನೋಡಿ, ನಮ್ಮಲ್ಲಿ ಸರ್ಕಾರಿ ನೌಕರನ ಮೇಲೆ ಸಿಟ್ಟು ಬಂದರೆ ಏನನ್ನುತ್ತೇವೆ? ‘ನೀರು ನೆರಳಿಲ್ಲದ ಕಡೆ ಎತ್ತಂಗಡಿ ಮಾಡಿಸ್ತೀನಿ!’ ಹಳ್ಳಿ ಅಂದರೆ ಶಿಕ್ಷೆ. ಅದೇ ಹಳ್ಳಿಗೆ ದಂಡದ ಹೆದರಿಕೆ ಹಾಕಿ ಡಾಕ್ಟರನ್ನು ಕಳಿಸಿದರೆ ಅವನು ಜೈಲಿನಲ್ಲಿ ದಿನ ಎಣಿಸುವ ಹಾಗೆ ಎಣಿಸುತ್ತಾನೆ. ರೋಗಿಗಳು ಎಣಿಕೆಗೆ ಬರುವುದಿಲ್ಲ.

ಮೇಷ್ಟ್ರುಗಳ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಪಿಎಚ್‌ಸಿ ಕ್ವಾರ್ಟರ್ಸ್ ನೋಡಿದ್ದೀರಾ? ಸೋರುವ ಮನೆ, ಬಾಗಿಲಿಗೆ ಚಿಲಕವಿಲ್ಲ. ಮಕ್ಕಳಿಗೆ ಸ್ಕೂಲಿಲ್ಲ. ಒಂಟಿ ಹೆಣ್ಣುಮಗಳು ರಾತ್ರಿ ಡ್ಯೂಟಿ ಮಾಡಬೇಕು. ರೋಗಿ ಸತ್ತರೆ ಗುಂಪು ಕಟ್ಟಿಕೊಂಡು ಹೋಗಿ ಕುರ್ಚಿ ಮುರಿಯುವವರು ಯಾರು? ನಮ್ಮವರೇ! ಜಾತ್ರೆಗೆ ಚಂದಾ ಕೊಡಲಿಲ್ಲ ಅಂತ ಡಾಕ್ಟರ ಮೇಲೆ ಅರ್ಜಿ ಗುಜರಾಯಿಸುವ ಮರಿ ಪುಢಾರಿಗಳು ಯಾರು? ಅದೂ ನಮ್ಮವರೇ. ಇಷ್ಟೆಲ್ಲ ಮಾತಾಡುವ ನಾನೇ ಊರು ಬಿಟ್ಟು ಬಂದು ಚಾಮರಾಜಪೇಟೆಯಲ್ಲಿ ಮಷಿನ್ ಹಾಕಿಕೊಂಡು ಕೂತವನು. ‘ನೀವು ಹೋಗಿ ಅಲ್ಲಿರ್ತೀರಾ’ ಅಂತ ಯಾವ ಪ್ರೊಫೆಸರ್ ಕೇಳಿದರೂ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಹಳ್ಳಿಯಲ್ಲಿ ಇರಲು ಕಷ್ಟ ಅನ್ನುವುದು ಬೇರೆ, ಹಳ್ಳಿಯಲ್ಲಿ ಮಾಡುವ ವೈದ್ಯಕೀಯ ಕೀಳು ಅನ್ನುವುದು ಬೇರೆ. ಮೊದಲನೆಯದು ಸತ್ಯ. ಎರಡನೆಯದು ಸುಳ್ಳು. ಸತ್ಯದ ಜೊತೆ ಸುಳ್ಳನ್ನೂ ಸೇರಿಸಿ ಕಲಿಸುತ್ತಾರಲ್ಲ, ಅದಕ್ಕೆ ನನ್ನ ಜಗಳ.

ಹಳ್ಳಿಯಲ್ಲಿ ಕಲಿಯಲು ಏನಿದೆ ಅನ್ನುವವರಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡನ್ನು ತೋರಿಸಿ. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನಕ್ಕೆ ಜ್ವರ ಬಂತು. ಮಂಗ ಸತ್ತದ್ದಕ್ಕೂ ಜ್ವರಕ್ಕೂ ಗಂಟು ಹಾಕಿದ ಹೆಸರನ್ನು ಜನ ಇಟ್ಟರು, ‘ಮಂಗನ ಕಾಯಿಲೆ’. ಉಣುಗು ಕಚ್ಚಿ ಬರುವ ಆ ರೋಗಕ್ಕೆ ಪ್ರಪಂಚದ ವೈದ್ಯಪುಸ್ತಕಗಳಲ್ಲಿ ಇವತ್ತಿಗೂ ಕ್ಯಾಸನೂರಿನ ಹೆಸರೇ ಇದೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದ ಡಾಕ್ಟರ್ ಸುದರ್ಶನ್ ನಮ್ಮ ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲೇ ಓದಿದವರು. ಸೋಲಿಗರ ನಡುವೆ ಕೂತು ಕೆಲಸ ಮಾಡಿದರು. 1981ರಲ್ಲಿ ಅಲ್ಲಿ ಸಂಸ್ಥೆ ಕಟ್ಟಿದರು. ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ ಇದೆ ಅಂತ ಗೊತ್ತಾದದ್ದು ಆಮೇಲೆಯೇ. ಕಾಡಿಗೆ ಹೋಗಿ ಕೊಳೆತರೇನು ಅವರು?

ಮೇಷ್ಟ್ರುಗಳು ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಮಹಾರಾಷ್ಟ್ರದ ಸೇವಾಗ್ರಾಮ ನೋಡಬೇಕು. ಗಾಂಧೀಜಿ ಇದ್ದ ಊರಲ್ಲೇ 1969ರಲ್ಲಿ ಸುಶೀಲಾ ನಯ್ಯರ್ ಮೆಡಿಕಲ್ ಕಾಲೇಜು ಮಾಡಿದರು. ಮೊದಲ ವರ್ಷದ ಹುಡುಗ ಹುಡುಗಿಯರು ಹದಿನೈದು ದಿನ ಒಂದು ಹಳ್ಳಿಯಲ್ಲೇ ಶಿಬಿರ ಹಾಕಿಕೊಂಡು ಇರಬೇಕು, ಒಬ್ಬೊಬ್ಬರಿಗೂ ಕೆಲವು ಮನೆಗಳ ಜವಾಬ್ದಾರಿ. ಸ್ನಾತಕೋತ್ತರ ಓದು ಅಲ್ಲೇ ಬೇಕೆಂದರೆ ಎರಡು ವರ್ಷ ಹಳ್ಳಿ ಸೇವೆ ಮಾಡಿ ಬನ್ನಿ ಅನ್ನುವ ಪದ್ಧತಿಯನ್ನೂ ಅವರು ತಂದರು. ಅಲ್ಲಿ ಓದಿದವರೆಲ್ಲ ಹಳ್ಳಿಯಲ್ಲೇ ಉಳಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಹಳ್ಳಿಗೆ ಹೋಗುತ್ತೇನೆ ಅಂದ ಹುಡುಗನಿಗೆ ‘ಪಾಪ’ ಅನ್ನುವುದು ಕಷ್ಟ. ನಮ್ಮ ಕರ್ನಾಟಕದಲ್ಲಿ 60ಕ್ಕೂ ಹೆಚ್ಚು ಮೆಡಿಕಲ್ ಕಾಲೇಜುಗಳಿವೆ, ವರ್ಷಕ್ಕೆ 10 ಸಾವಿರಕ್ಕೂ ಮೇಲೆ ಸೀಟು. 2011ರ ಜನಗಣತಿಯಲ್ಲಿ ನೂರಕ್ಕೆ 61 ಕನ್ನಡನಾಡಿನವರು ಹಳ್ಳಿಯಲ್ಲಿದ್ದರು. ಇಷ್ಟು ಕಾಲೇಜುಗಳಲ್ಲಿ ಎಷ್ಟು ಪ್ರೊಫೆಸರುಗಳು ಒಂದು ವರ್ಷ, ಬೇಡ, ಒಂದು ತಿಂಗಳು ಪಿಎಚ್‌ಸಿಯಲ್ಲಿ ಕೂತು ರೋಗಿ ನೋಡಿದ್ದಾರೆ? ಮೇಷ್ಟ್ರಾಗಲು ಪ್ರಬಂಧ ಬೇಕು, ಪೇಪರ್ ಬೇಕು. ವರ್ಷಕ್ಕೊಂದು ತಿಂಗಳು ಹಳ್ಳಿ ಡ್ಯೂಟಿಯೂ ಬೇಕು ಅಂತ ಬರೆಯಲಿ ನೋಡೋಣ. ವಿದ್ಯಾರ್ಥಿಗೆ ಹಾಕಿದ ಷರತ್ತನ್ನು ಗುರುವಿಗೂ ಹಾಕಲಿ.

ಅಕ್ಕನ ಮಗನ ಕತೆ ಅರ್ಧಕ್ಕೆ ಬಿಟ್ಟೆ. 2023ರಲ್ಲಿ ಓದು ಮುಗಿಯಿತು. ಕಡ್ಡಾಯ ಸೇವೆಗೆ ಗಡಿ ತಾಲ್ಲೂಕಿನ ಒಂದು ಪಿಎಚ್‌ಸಿಗೆ ಹಾಕಿದರು. ಮೂಟೆ ಕಟ್ಟಿಕೊಂಡು ಮುಖ ಸಣ್ಣ ಮಾಡಿಕೊಂಡೇ ಹೋದ. ಹೋದ ಎರಡನೇ ತಿಂಗಳು, ರಾತ್ರಿ, ಹೊಲದಿಂದ ಒಬ್ಬನನ್ನು ಎತ್ತಿಕೊಂಡು ಬಂದರು. ‘ಹುಳ ಮುಟ್ಟೈತೆ ಸಾ.’ ಇವನಿಗೆ ಆ ಮಾತು ಗೊತ್ತು, ಹೇಳಬೇಕೇ? ಫ್ರಿಜ್ಜಿನಲ್ಲಿ ವಿಷಕ್ಕೆ ಕೊಡುವ ಔಷಧಿಯ ಸೀಸೆಗಳೂ ಇವೆ. ಆದರೆ ಕೈ ನಡುಗುತ್ತಿದೆ. ಕಾಲೇಜಿನಲ್ಲಿ ನೋಡಿದ್ದೆಲ್ಲ ಐಸಿಯು, ಲ್ಯಾಬು, ವೆಂಟಿಲೇಟರ್ ಇದ್ದ ಕಡೆ. ಇಲ್ಲಿ ಏನೂ ಇಲ್ಲ. ಔಷಧಿಯೇ ಮೈಗೆ ಒಗ್ಗದೆ ಏನಾದರೂ ಆದರೆ? ಜಿಲ್ಲಾಸ್ಪತ್ರೆಗೆ ಬರೆದು ಕಳಿಸಿಬಿಡೋಣ ಅಂತ ಪೆನ್ನು ತೆಗೆದನಂತೆ.

ಅಲ್ಲೊಬ್ಬ ಸಿಸ್ಟರ್ ಇದ್ದಾರೆ. ಇಪ್ಪತ್ತು ವರ್ಷದಿಂದ ಅಲ್ಲೇ. ಅವರು, ‘ಡಾಕ್ಟ್ರೇ, ಒಂದು ನಿಮಿಷ’ ಅಂದು, ತೊಳೆದು ಒಣಗಿಸಿಟ್ಟ ಒಂದು ಗಾಜಿನ ಟ್ಯೂಬ್ ತಂದರು. ರೋಗಿಯ ರಕ್ತ ಸ್ವಲ್ಪ ತೆಗೆದು ಅದಕ್ಕೆ ಹಾಕಿ, ಅಲ್ಲಾಡಿಸದೆ ನಿಲ್ಲಿಸಿದರು. ‘ಇಪ್ಪತ್ತು ನಿಮಿಷ ಮುಟ್ಟಬೇಡಿ.’ ಇಪ್ಪತ್ತು ನಿಮಿಷ ಆದ ಮೇಲೆ ಬಗ್ಗಿಸಿ ನೋಡಿದರೆ ರಕ್ತ ಹೆಪ್ಪುಗಟ್ಟಿಲ್ಲ, ನೀರಿನ ಹಾಗೆ ಹರಿಯುತ್ತಿದೆ. ಮಂಡಲದ ವಿಷ ರಕ್ತಕ್ಕೆ ಸೇರಿದೆ ಅಂತ ಅರ್ಥ. ‘ಈಗ ಶುರು ಮಾಡಿ. ಒಗ್ಗದಿದ್ರೆ ಕೊಡೋ ಇಂಜೆಕ್ಷನ್ ಇಲ್ಲೇ ತೆಗೆದಿಟ್ಟಿದೀನಿ. ನಾನು ಪಕ್ಕದಲ್ಲೇ ಇರ್ತೀನಿ’ ಅಂದರಂತೆ. ಹತ್ತು ಸೀಸೆ ಔಷಧಿ ಕೊಟ್ಟು, 108 ತರಿಸಿ, ಆಮೇಲೆ ಜಿಲ್ಲಾಸ್ಪತ್ರೆಗೆ ಕಳಿಸಿದರು. ಆ ಮನುಷ್ಯ ಆರನೇ ದಿನಕ್ಕೆ ನಡೆದುಕೊಂಡು ಮನೆಗೆ ಬಂದ.

ಮಷಿನ್ನಿಲ್ಲದೆ ಮಾಡುವ ಆ ಪರೀಕ್ಷೆ ಪುಸ್ತಕದಲ್ಲಿ ಇಲ್ಲವೇ? ಇದೆ! ಹುಡುಗ ಓದಿ ಬಾಯಿಪಾಠ ಮಾಡಿದ್ದ, ಮಾರ್ಕ್ಸೂ ಬಂದಿತ್ತು. ಆದರೆ ಐದೂವರೆ ವರ್ಷದಲ್ಲಿ ಒಬ್ಬ ಮೇಷ್ಟ್ರೂ ಒಂದು ಟ್ಯೂಬ್ ಹಿಡಿದು ಮಾಡಿ ತೋರಿಸಿರಲಿಲ್ಲ. ಬಡ ಆಸ್ಪತ್ರೆಯ ಪರೀಕ್ಷೆ ಅಲ್ಲವೇ ಅದು! ಅವತ್ತು ರಾತ್ರಿ ಹುಡುಗ ನನಗೆ ಫೋನ್ ಮಾಡಿದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, ‘ಮಾವ, ಅಪ್ಪನಿಗೂ ಇಷ್ಟೇ ಸಾಕಾಗಿತ್ತಲ್ವಾ?’

ಈಗ ಅವನು ನಮ್ಮ ಮನೆಯಲ್ಲೇ ಇದ್ದಾನೆ. ಪಿ.ಜಿ. ಪರೀಕ್ಷೆಗೆ ಕೋಚಿಂಗ್. ಬೆಳಿಗ್ಗೆ ಆರಕ್ಕೆ ಕೂತರೆ ರಾತ್ರಿ ಹನ್ನೊಂದರವರೆಗೆ ಓದು. ಆ ಸಿಸ್ಟರ್ ಈಗಲೂ ಯಾವುದಾದರೂ ಕಷ್ಟದ ಕೇಸು ಬಂದರೆ ಫೋನ್ ಮಾಡುತ್ತಾರೆ, ಇವನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲವಂತೆ. ಮೊನ್ನೆ ಊಟ ಮಾಡುವಾಗ ಕೇಳಿದೆ, ‘ವಾಪಸ್ ಅಲ್ಲಿಗೇ ಹೋಗೋ ಮನಸ್ಸೈತೇನೋ?’ ಮುದ್ದೆ ಮುರಿಯುತ್ತಾ ಹೇಳಿದ, ‘ಮನಸ್ಸೈತೆ ಮಾವ. ಆದ್ರೆ ನಮ್ಮ ಸರ್‌ಗಳು ಸಿಕ್ಕಿದಾಗ ಏನ್ ಮಾಡ್ತಿದೀಯ ಅಂತ ಕೇಳ್ತಾರೆ. ಪಿಎಚ್‌ಸೀಲಿದೀನಿ ಅಂದ್ರೆ ಅವ್ರ ಮುಖ ಒಂಥರಾ ಆಗುತ್ತೆ. ಅದನ್ನ ನೋಡಕ್ಕಾಗಲ್ಲ.’

ಇನ್ನು ಒಂದೇ ವಿಷಯ ಹೇಳಿ ಮುಗಿಸುತ್ತೇನೆ. ಹೋದ ತಿಂಗಳು ಒಂದು ಕಾಲೇಜಿನವರು ಹಳ್ಳಿ ಕ್ಯಾಂಪಿಗೆ ಹಾವು ಕಡಿತದ ಕರಪತ್ರ ಮಾಡಿಕೊಡಿ ಅಂತ ಬಂದರು. ‘ಸರ್ಪದಂಶಕ್ಕೊಳಗಾದ ಅಂಗವನ್ನು ನಿಶ್ಚಲಗೊಳಿಸತಕ್ಕದ್ದು’ ಅಂತ ಬರೆದಿದ್ದರು. ಸ್ವಲ್ಪ ಬಿಡಿಸಿ ಬರೆಯೋಣವಾ ಸಾರ್ ಅಂದೆ. ‘ಬೇಡ, ಸೈಂಟಿಫಿಕ್ ಆಗಿರಲಿ’ ಅಂದರು. ಗಿರಾಕಿ ದೇವರು, ಹಾಗೇ ಹಾಕಿಕೊಟ್ಟೆ. ಅಂಚಿನಲ್ಲಿ ಕತ್ತರಿಸಿ ಉಳಿದ ಕಾಗದ ಸುಮಾರಿತ್ತು. ಅದರಲ್ಲಿ ನನ್ನ ಖರ್ಚಿನಲ್ಲಿ 500 ಚಿಕ್ಕ ಹಾಳೆ ಬೇರೆ ಅಚ್ಚು ಹಾಕಿದ್ದೇನೆ. ಅಕ್ಕನ ಮಗ ತಿದ್ದಿಕೊಟ್ಟಿದ್ದಾನೆ. ಹುಳ ಮುಟ್ಟಿದರೆ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಲ್ಲಿ ಚೀಪಬೇಡಿ. ಉಂಗುರ, ಕಾಲುಂಗುರ ತೆಗೆಯಿರಿ. ಕೈಕಾಲು ಅಲ್ಲಾಡಿಸದೆ ಮಲಗಿಸಿಕೊಂಡು ಆಸ್ಪತ್ರೆಗೆ ನಡೆಯಿರಿ. ಹಾವು ಹಿಡಿಯಲು ಹೋಗಬೇಡಿ. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ಕಣ್ಣಿನ ರೆಪ್ಪೆ ಜೋತು ಬಿದ್ದರೆ ಕಡಿದ ಗುರುತು ಕಾಣದಿದ್ದರೂ ಹೊರಡಿ, ಕಟ್ಟು ಹಾವು ಗುರುತು ಬಿಡದೆಯೂ ಕಡಿಯುತ್ತದೆ. ಡಾಕ್ಟರ ಮುಂದೆ ಮಾತ್ರ ‘ಹಾವು’ ಅಂತ ಬಿಡಿಸಿ ಹೇಳಿ, ರಾತ್ರಿಯಾದರೂ ಸರಿ.

ಬಾಗಿಲ ಪಕ್ಕದ ಮೇಜಿನ ಮೇಲೆ ಕಟ್ಟು ಇಟ್ಟಿದ್ದೇನೆ. ಹಬ್ಬಕ್ಕೆ ಊರಿಗೆ ಹೋಗುವವರು ಇಪ್ಪತ್ತಿಪ್ಪತ್ತು ತೆಗೆದುಕೊಂಡು ಹೋಗಿ. ನಿಮ್ಮಲ್ಲಿ ಮೆಡಿಕಲ್ ಓದುತ್ತಿರುವವರು ಇಬ್ಬರು ಮೂವರು ಇದ್ದೀರಿ ಅಂತ ಕೇಳಿದೆ. ನೀವು ಎರಡು ತೆಗೆದುಕೊಳ್ಳಿ, ಒಂದು ನಿಮಗೆ, ಇನ್ನೊಂದು ನಿಮ್ಮ ಪ್ರೊಫೆಸರಿಗೆ.